ಮನೆ ಬಾಡಿಗೆಗೆ ಕೊಡುವ ಮುಂಚೆ ಬಾಡಿಗೆದಾರರ ಪೂರ್ವಾಪರ ವಿಚಾರಿಸುವುದು ಹೇಗೆ: ಟು-ಲೆಟ್ ಬೋರ್ಡಿನಿಂದ ಕೀ ಕೊಡುವವರೆಗೆ

“ಅಗ್ರಿಮೆಂಟ್ ಇದೆ, ಆಧಾರ್ ಜೆರಾಕ್ಸ್ ಇದೆ, ಅಡ್ವಾನ್ಸೂ ತಗೊಂಡಿದ್ದೀನಿ. ಆದ್ರೂ ಏಳು ತಿಂಗಳಿಂದ ಬಾಡಿಗೆ ಬಂದಿಲ್ಲ. ಈಗೇನ್ ಮಾಡ್ಲಿ?”

ಬೆಂಗಳೂರಿನಲ್ಲಿ ಮನೆ ಕಟ್ಟಿ, ಕೆಳಗೆ ತಾವಿದ್ದು ಮೇಲಿನದ್ದನ್ನು ಬಾಡಿಗೆಗೆ ಕೊಟ್ಟವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಇವರು ಯಾರೂ ಬೇಜವಾಬ್ದಾರಿ ಜನ ಅಲ್ಲ. ಕಾಗದ ಪತ್ರ ಎಲ್ಲ ಜೋಪಾನವಾಗಿ ಇಟ್ಟಿರುತ್ತಾರೆ. ತಪ್ಪಿದ್ದು ಒಂದೇ ಕಡೆ, ಕೆಲಸದ ಕ್ರಮದಲ್ಲಿ. ಮನೆ ತೋರಿಸಿದ ದಿನವೇ ಟೋಕನ್ ತಗೊಂಡಿರುತ್ತಾರೆ. ದುಡ್ಡು ಕೈಗೆ ಬಂದ ಮೇಲೆ ದಾಕ್ಷಿಣ್ಯ ಶುರುವಾಗುತ್ತದೆ. ಇನ್ನು ಇವರ ಹತ್ತಿರ ಸಂಬಳದ ಚೀಟಿ ಹೇಗೆ ಕೇಳೋದು ಅನ್ನಿಸುತ್ತದೆ. ಅಲ್ಲಿಗೆ ವಿಚಾರಣೆ ಮುಗಿದ ಹಾಗೆ.

ನನಗೂ ಹೀಗೇ ಆಗಿದೆ. ಆಷಾಢಕ್ಕೆ ಎರಡೇ ದಿನ ಇತ್ತು. ಗಂಡ, ಹೆಂಡತಿ, ಸೊಂಟದ ಮೇಲೊಂದು ಮಗು. “ಆಷಾಢ ಬಂದ್ರೆ ಹೊಸ ಮನೆಗೆ ಬರೋ ಹಾಗಿಲ್ಲ ಅಂಕಲ್. ನಾಳೆ ಬೆಳಗ್ಗೆ ಹಾಲು ಉಕ್ಕಿಸಿಬಿಡ್ತೀವಿ, ಉಳಿದ ಅಡ್ವಾನ್ಸ್ ಸೋಮವಾರ ಹಾಕ್ತೀನಿ” ಅಂದರು. 10,000 ರೂಪಾಯಿ ಟೋಕನ್ ತಗೊಂಡು ಕೀ ಕೊಟ್ಟೆ. ಸೋಮವಾರ ದುಡ್ಡು ಬರಲಿಲ್ಲ, ಆಮೇಲೂ ಬರಲಿಲ್ಲ. ಅವರು ಮನೆ ಖಾಲಿ ಮಾಡುವ ಹೊತ್ತಿಗೆ 14 ತಿಂಗಳಾಗಿತ್ತು. ಬಾಡಿಗೆ ಬಂದದ್ದು 5 ತಿಂಗಳದ್ದು. ಹಿಂದಿನ ಮನೆಯಲ್ಲೂ ಇದೇ ಕಥೆ ಅಂತ ಆಮೇಲೆ ತಿಳಿಯಿತು. ಅಲ್ಲಿನ ಓನರ್‌ಗೆ ಮೊದಲೇ ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ಹಾಗಾಗಿ ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ. ಹಂತ 7 ಮುಗಿಯುವವರೆಗೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ.

## ಅಡ್ವಾನ್ಸ್ ಇದ್ದರೆ ಸಾಕಲ್ವಾ?

ಸಾಲದು. ಒಂದು ಲೆಕ್ಕ ಹಾಕೋಣ. ಬಾಡಿಗೆ 18,000, ಅಡ್ವಾನ್ಸ್ 1 ಲಕ್ಷ. ಬಾಡಿಗೆ ನಿಂತರೆ ಆರನೇ ತಿಂಗಳಿಗೆ ಅಡ್ವಾನ್ಸ್ ಮುಗಿಯುತ್ತದೆ. ಬಾಕಿ ಕರೆಂಟ್ ಬಿಲ್, ನೀರು, ಸುಣ್ಣ ಬಣ್ಣ ಎಲ್ಲ ನಿಮ್ಮ ತಲೆ ಮೇಲೆ.

ಅಷ್ಟರೊಳಗೆ ಅವರನ್ನು ಬಿಡಿಸಬಹುದು ಅಂದುಕೊಂಡರೆ ಅದೂ ಕಷ್ಟ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿವರೆಗಿನ ಬಾಡಿಗೆಗೆ ಮಾತ್ರ ಅನ್ವಯ. ಇವತ್ತಿನ ಹೆಚ್ಚಿನ ಮನೆಗಳು ಅದರ ಹೊರಗೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಅಡಿ ಬರುತ್ತವೆ. ನೋಟಿಸ್ ಕೊಡಬೇಕು, ದಾವೆ ಹೂಡಬೇಕು, ವಾಯಿದೆ ಮೇಲೆ ವಾಯಿದೆ ಕಾಯಬೇಕು. ಸಿಟ್ಟಿನಲ್ಲಿ ಬೀಗ ಬದಲಿಸಿದರೆ ಅಥವಾ ಸಾಮಾನು ಹೊರಗೆ ಹಾಕಿದರೆ ತಪ್ಪು ನಿಮ್ಮದಾಗುತ್ತದೆ. ಹಾಗೆ ಹೊರಹಾಕಿಸಿಕೊಂಡವರು 6 ತಿಂಗಳೊಳಗೆ ಕೋರ್ಟಿಗೆ ಹೋಗಿ ಮನೆಯನ್ನು ವಾಪಸ್ ಕೇಳಬಹುದು. ಕೀ ಕೊಡುವ ಮುಂಚಿನ ಮೂರು ದಿನ ಮಾತ್ರ ಪೂರ್ತಿ ನಿಮ್ಮ ಕೈಯಲ್ಲಿರುತ್ತದೆ.

## ಏನೇನು ಬೇಕು?

ಒಂದು ನೋಟ್‌ಬುಕ್. ಫೋನ್‌ನಲ್ಲಿ ಯುಐಡಿಎಐನ (ಆಧಾರ್ ಕೊಡುವ ಸಂಸ್ಥೆ) ಅಧಿಕೃತ ಆಧಾರ್ ಆ್ಯಪ್. ಒಂದು ಹಾಳೆಯ ಅರ್ಜಿ ನಮೂನೆ, ಅದನ್ನು ನೀವೇ ಬರೆದು ಜೆರಾಕ್ಸ್ ಮಾಡಿಸಿದರೆ ಸಾಕು. ಜೊತೆಗೆ ಮೂರು ದಿನದ ಸಮಯ. ಮನೆ ಮೂರು ದಿನ ಜಾಸ್ತಿ ಖಾಲಿ ಬಿದ್ದರೆ 18,000ದ ಮನೆಗೆ ಆಗುವ ನಷ್ಟ 1,800 ರೂಪಾಯಿ.

## ಹಂತ 1: ಬೋರ್ಡ್ ಹಾಕುವ ಮೊದಲೇ ನಿಯಮ ಬರೆದಿಡಿ

ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಮೇಂಟೆನೆನ್ಸ್ ಎಷ್ಟು, ಎಷ್ಟು ಜನ ಇರಬಹುದು, ಗಾಡಿ ಎಲ್ಲಿ ನಿಲ್ಲಿಸಬೇಕು, ಯಾವ ದಾಖಲೆ ಬೇಕು. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಬಂದವರಿಗೆಲ್ಲ ಅದನ್ನೇ ತೋರಿಸಿ.

ಇದರ ಲಾಭ ಏನು ಗೊತ್ತಾ? ದಾಕ್ಷಿಣ್ಯ ಅರ್ಧ ಕಡಿಮೆಯಾಗುತ್ತದೆ. “ನಮ್ಮಲ್ಲಿ ಎಲ್ಲರಿಗೂ ಇದೇ ಪದ್ಧತಿ” ಅಂದರೆ ಯಾರಿಗೂ ಬೇಜಾರಾಗಲ್ಲ. ಒಬ್ಬರಿಗೆ ಕೇಳಿ ಇನ್ನೊಬ್ಬರಿಗೆ ಬಿಟ್ಟರೆ ಬೇಜಾರಾಗುತ್ತದೆ, ನ್ಯಾಯವೂ ಅಲ್ಲ.

ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಆ ಹಾಳೆಯಲ್ಲಿ ಜಾತಿ, ಧರ್ಮ, ಊಟದ ಪ್ರಶ್ನೆ ಇರಬಾರದು. ಬಾಡಿಗೆ ಸರಿಯಾಗಿ ಬರುತ್ತಾ ಅನ್ನುವುದಕ್ಕೆ ಅವು ಉತ್ತರವೇ ಅಲ್ಲ. 14 ತಿಂಗಳು ನನ್ನನ್ನು ಅಲೆದಾಡಿಸಿದ ಕುಟುಂಬ ನಮ್ಮ ಜಾತಿಯದ್ದೇ. ನಮ್ಮವರು ಅಂತ ಗೊತ್ತಾದ ಕೂಡಲೇ ನಾನು ಬೇರೇನನ್ನೂ ಕೇಳಲಿಲ್ಲ. ಆ ನಂಬಿಕೆ ವಿಚಾರಣೆಯ ಜಾಗದಲ್ಲಿ ಬಂದು ಕೂತುಬಿಟ್ಟಿತು.

## ಹಂತ 2: ಮೊದಲ ಫೋನ್ ಕರೆ

ಮನೆ ತೋರಿಸುವ ಮುಂಚೆ ಫೋನಿನಲ್ಲೇ ಐದು ಪ್ರಶ್ನೆ ಕೇಳಿ. ಈಗ ಎಲ್ಲಿದ್ದೀರಿ? ಅಲ್ಲಿ ಎಷ್ಟು ವರ್ಷದಿಂದ ಇದ್ದೀರಿ? ಯಾಕೆ ಬಿಡುತ್ತಿದ್ದೀರಿ? ಏನು ಕೆಲಸ? ಯಾರ್ಯಾರು ಇರುತ್ತೀರಿ? ಉತ್ತರಗಳನ್ನು ತಾರೀಖಿನ ಸಮೇತ ಬರೆದುಕೊಳ್ಳಿ. ಮುಂದಿನ ಹಂತಗಳಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಆಗ ತಾಳೆ ನೋಡಲು ಈ ಟಿಪ್ಪಣಿ ಬೇಕು.

“ಆಫೀಸ್ ದೂರ ಆಯ್ತು”, “ಮಗುವಿಗೆ ಸ್ಕೂಲ್ ಹತ್ತಿರ ಬೇಕು”, “ಓನರ್ ಮಗನಿಗೆ ಮದುವೆ, ಮನೆ ಬೇಕಂತೆ”. ಇವೆಲ್ಲ ಸಹಜ ಕಾರಣಗಳು, ಒಂದು ಫೋನಿನಲ್ಲಿ ಖಚಿತ ಮಾಡಿಕೊಳ್ಳಬಹುದು. “ಓನರ್ ಸರಿ ಇಲ್ಲ” ಅಂದರೆ ಅದೂ ನಿಜ ಇರಬಹುದು. ಆದರೆ ಹಿಂದಿನ ಮೂರು ಓನರ್‌ಗಳೂ ಸರಿ ಇಲ್ಲ ಅಂದರೆ ಗುರುತು ಹಾಕಿಕೊಳ್ಳಿ.

ಎಚ್ಚರಿಕೆ: ಆನ್‌ಲೈನ್‌ನಲ್ಲಿ ಜಾಹೀರಾತು ಹಾಕಿದ ಕೆಲವೇ ಗಂಟೆಯಲ್ಲಿ ಬರುವ ಒಂದು ಬಗೆಯ ಕರೆ ಇದೆ. ತಾನು ಸೇನೆಯಲ್ಲೋ ಅರೆಸೇನಾ ಪಡೆಯಲ್ಲೋ ಇದ್ದೇನೆ, ವರ್ಗಾವಣೆಯಾಗಿದೆ ಅನ್ನುತ್ತಾರೆ. ಗುರುತಿನ ಚೀಟಿಯ ಫೋಟೋನೂ ಕಳಿಸುತ್ತಾರೆ. ಮನೆ ನೋಡುವ ಮಾತೇ ಇಲ್ಲ, ಅಡ್ವಾನ್ಸ್ ಈಗಲೇ ಹಾಕುತ್ತೇನೆ ಅನ್ನುತ್ತಾರೆ. ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ, “ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ” ಅನ್ನುತ್ತಾರೆ. ಯುಪಿಐ ಪಿನ್ ಹಾಕುವುದು ದುಡ್ಡು ಕಳಿಸಲಿಕ್ಕೆ. ಬರುವ ದುಡ್ಡಿಗೆ ಪಿನ್ ಬೇಡವೇ ಬೇಡ. ಪಿನ್ ಹಾಕಿ ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಮೊದಲ ಗಂಟೆ ಬಹಳ ಮುಖ್ಯ.

## ಹಂತ 3: ಮನೆ ತೋರಿಸುವಾಗ

ಹಗಲಲ್ಲಿ ತೋರಿಸಿ, ಇರುವವರೆಲ್ಲ ಬರಲಿ. ನಲ್ಲಿ ತಿರುಗಿಸಿ ನೋಡುವವರು, ಕಾವೇರಿ ನೀರು ಯಾವ ದಿನ ಬರುತ್ತೆ, ಮೋಟರ್ ಯಾರು ಹಾಕುತ್ತಾರೆ ಅಂತ ಕೇಳುವವರು ನಿಜವಾಗಿ ವಾಸಕ್ಕೆ ಬರುವವರು. ಬಾಗಿಲಲ್ಲೇ ನಿಂತು “ಓಕೆ ಸರ್, ಫೈನಲ್” ಅನ್ನುವವರ ಬಗ್ಗೆ ಸ್ವಲ್ಪ ಯೋಚಿಸಿ.

ಹೊರಡುವಾಗ ಅರ್ಜಿ ಹಾಳೆ ಕೊಡಿ. ಅದರಲ್ಲಿ ಇಷ್ಟಿರಲಿ: ಹೆಸರು, ಕಾಯಂ ವಿಳಾಸ, ಕೆಲಸದ ಜಾಗ, ಹಿಂದಿನ ಎರಡು ಮನೆಗಳ ವಿಳಾಸ, ಆ ಎರಡೂ ಓನರ್‌ಗಳ ಹೆಸರು ಮತ್ತು ಫೋನ್, ತುರ್ತಿಗೆ ಒಬ್ಬ ಸಂಬಂಧಿಕರ ಫೋನ್. ಕೆಳಗೆ “ಈ ವಿವರಗಳನ್ನು ವಿಚಾರಿಸಲು ನನ್ನ ಒಪ್ಪಿಗೆ ಇದೆ” ಅನ್ನುವ ಒಂದು ಸಾಲು, ಸಹಿ. ಒಪ್ಪಿಗೆ ಇಲ್ಲದೆ ಅವರ ಆಫೀಸಿಗೆ ಫೋನ್ ಮಾಡಬೇಡಿ.

ಆಗಲೇ ಟೋಕನ್ ಕೊಡಲು ಬಂದರೆ, “ಫಾರ್ಮ್ ತುಂಬಿ ಕೊಡಿ, ಮೂರು ದಿನದಲ್ಲಿ ಹೇಳ್ತೀನಿ. ಅಲ್ಲೀವರೆಗೆ ಬೇರೆಯವರಿಗೆ ಕೊಡಲ್ಲ” ಅನ್ನಿ. ಆ ಮಾತು ಉಳಿಸಿಕೊಳ್ಳಿ.

## ಹಂತ 4: ಗುರುತು ಖಚಿತ ಮಾಡಿಕೊಳ್ಳಿ

ಜೆರಾಕ್ಸ್ ಅನ್ನುವುದು ಗುರುತಿನ ದಾಖಲೆ ಅಲ್ಲ. ಫೋಟೋ, ಹೆಸರು ಬದಲಿಸಿ ಪ್ರಿಂಟ್ ತೆಗೆಯಲು ಹತ್ತು ನಿಮಿಷ ಸಾಕು. ಹೆಚ್ಚಿನವರು ಎಡವುವುದು ಇಲ್ಲೇ.

ಆಧಾರ್ ಕಾರ್ಡನ್ನೇ ಕೈಗೆ ತಗೊಳ್ಳಿ. ಮೊದಲು ಎದುರಿಗಿರುವ ಮುಖ ಮತ್ತು ಫೋಟೋ. ಆಮೇಲೆ ಅಧಿಕೃತ ಆ್ಯಪ್‌ನಿಂದ ಕಾರ್ಡಿನ ಕ್ಯೂಆರ್ ಸ್ಕ್ಯಾನ್ ಮಾಡಿ. ಹೆಸರು, ಹುಟ್ಟಿದ ದಿನ, ವಿಳಾಸ, ಫೋಟೋ ತೆರೆಯ ಮೇಲೆ ಬರುತ್ತದೆ. ಅದು ಕಾರ್ಡಿನ ಮೇಲೆ ಛಾಪಿಸಿದ್ದಕ್ಕೆ ಅಕ್ಷರಶಃ ಹೊಂದಬೇಕು. ಸಾಮಾನ್ಯ ಸ್ಕ್ಯಾನರ್‌ನಲ್ಲಿ ನೋಡಿದರೆ ಸುಮ್ನೆ ಉದ್ದದ ಅಂಕಿಗಳ ಸಾಲು ಕಾಣುತ್ತದೆ, ಅದರಿಂದ ಕಾರ್ಡ್ ನಕಲಿ ಅಂತ ತೀರ್ಮಾನ ಮಾಡಬೇಡಿ. ಸ್ಕ್ಯಾನ್ ಆಗದಿದ್ದರೆ ಡಿಜಿಲಾಕರ್ (ದಾಖಲೆ ಇಡುವ ಸರ್ಕಾರಿ ಆ್ಯಪ್) ತೆರೆದು ಅವರ ಫೋನಿನಲ್ಲೇ ತೋರಿಸಲು ಹೇಳಿ.

ನನ್ನ ಪರಿಚಯದವರೊಬ್ಬರು ಒಂದು ಸಲ ಹೀಗೆ ಸ್ಕ್ಯಾನ್ ಮಾಡಿದಾಗ ಕಾರ್ಡಿನಲ್ಲಿ ಒಂದು ಹೆಸರು, ತೆರೆಯಲ್ಲಿ ಇನ್ನೊಂದು ಹೆಸರು. ಬಂದವರು “ಪ್ರಿಂಟ್ ಮಿಸ್ಟೇಕ್” ಅಂದರು. ಕ್ಯೂಆರ್ ಒಳಗಿನ ಮಾಹಿತಿಗೆ ಯುಐಡಿಎಐನ ಡಿಜಿಟಲ್ ಸಹಿ ಇರುತ್ತದೆ. ಅಂಗಡಿಯ ಪ್ರಿಂಟರ್ ಅದನ್ನು ಬದಲಿಸಲು ಆಗಲ್ಲ. ನನ್ನ ಪರಿಚಯದವರು ಅಲ್ಲಿಗೇ ಮಾತು ನಿಲ್ಲಿಸಿದರು.

ಜೊತೆಗೆ ಇನ್ನೊಂದು ದಾಖಲೆ ನೋಡಿ. ಪ್ಯಾನ್, ಮತದಾರರ ಚೀಟಿ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಯಾವುದಾದರೂ ಸರಿ. ವ್ಯಕ್ತಿಯ ಪ್ಯಾನ್ ಆದರೆ ಹತ್ತು ಅಕ್ಷರಗಳಲ್ಲಿ ನಾಲ್ಕನೆಯದು ಇಂಗ್ಲಿಷಿನ ‘ಪಿ’ ಆಗಿರಲೇಬೇಕು. ಇನಿಷಿಯಲ್ ಹಿಂದೆ ಮುಂದೆ ಇರುವುದು ನಮ್ಮ ಕಡೆ ಮಾಮೂಲು, ಅದಕ್ಕೆ ಗಾಬರಿ ಬೇಡ. ಹುಟ್ಟಿದ ದಿನ ಮತ್ತು ತಂದೆಯ ಹೆಸರು ಹೊಂದಬೇಕು.

ಪ್ರತಿಗಾಗಿ ಮಾಸ್ಕ್ ಮಾಡಿದ ಆಧಾರ್ ತಗೊಳ್ಳಿ, ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ. ಪ್ರತಿಯ ಮೇಲೆ “ಮನೆ ಬಾಡಿಗೆಗೆ ಮಾತ್ರ” ಅಂತ ತಾರೀಖು ಹಾಕಿ ಅವರೇ ಬರೆಯಲಿ. 18 ವರ್ಷ ದಾಟಿದ ಪ್ರತಿಯೊಬ್ಬರ ಗುರುತೂ ಬೇಕು, ಅಗ್ರಿಮೆಂಟಿಗೆ ಸಹಿ ಹಾಕುವವರದ್ದು ಮಾತ್ರ ಅಲ್ಲ.

## ಹಂತ 5: ಬಾಡಿಗೆ ಕಟ್ಟುವ ಶಕ್ತಿ ಇದೆಯಾ?

ನನ್ನ ಅಳತೆ ಇಷ್ಟು: ಬಾಡಿಗೆ ಮತ್ತು ಮೇಂಟೆನೆನ್ಸ್ ಸೇರಿ ಮನೆಯ ಕೈಗೆ ಬರುವ ಆದಾಯದ ಮೂರನೇ ಒಂದು ಭಾಗ ದಾಟಬಾರದು. 18,000 ಕಟ್ಟುವವರಿಗೆ 54,000 ಆದರೂ ಬರುತ್ತಿರಬೇಕು. ಗಂಡ ಹೆಂಡತಿ ಇಬ್ಬರದ್ದೂ ಸೇರಿಸಿ ಲೆಕ್ಕ ಹಾಕಿ. ಇದು ಕಲ್ಲಿನ ಮೇಲಿನ ಗೆರೆ ಅಲ್ಲ, ಸಾಲ ಇಲ್ಲದವರು ಸ್ವಲ್ಪ ಜಾಸ್ತಿ ಕಟ್ಟಬಲ್ಲರು.

ಸಂಬಳದವರು: ಮೂರು ತಿಂಗಳ ಸಂಬಳದ ಚೀಟಿ ಮತ್ತು ಅದೇ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿ. ಸಂಬಳ ಜಮೆಯಾದ ಸಾಲುಗಳು ಕಂಡರೆ ಸಾಕು, ಉಳಿದ ಖರ್ಚನ್ನು ಅವರು ಮುಚ್ಚಿಕೊಳ್ಳಲಿ. ಸಂಬಳದ ಚೀಟಿ ಒಂದೇ ನೋಡಿ ಬಿಡಬೇಡಿ. ನಕಲಿ ಚೀಟಿಯಲ್ಲಿ ಎಡವುವ ಜಾಗಗಳು ಇವು:

- ಕೂಡಿಸಿ ಕಳೆದರೆ ಲೆಕ್ಕ ಸರಿ ಬರಲ್ಲ. ಕ್ಯಾಲ್ಕುಲೇಟರ್ ಹಿಡಿದು ನೀವೇ ಮಾಡಿ ನೋಡಿ.
- ಕರ್ನಾಟಕದಲ್ಲಿ ತಿಂಗಳಿಗೆ 25,000 ಮತ್ತು ಮೇಲ್ಪಟ್ಟ ಸಂಬಳಕ್ಕೆ 200 ರೂಪಾಯಿ (ಫೆಬ್ರವರಿಯಲ್ಲಿ 300) ವೃತ್ತಿ ತೆರಿಗೆ ಹಿಡಿಯುತ್ತಾರೆ. ಅದು ಇಲ್ಲದಿದ್ದರೆ ಯಾಕೆ ಅಂತ ಕೇಳಿ. ಬೇರೆ ರಾಜ್ಯದ ಕಂಪನಿಗೆ ಮನೆಯಿಂದ ಕೆಲಸ ಮಾಡುವವರು ಇರಬಹುದು.
- ಪಿಎಫ್ ಕಡಿತ ಸಾಮಾನ್ಯವಾಗಿ ಮೂಲ ವೇತನದ 12% ಇರುತ್ತದೆ, ಇಲ್ಲವೇ 1,800 ರೂಪಾಯಿ. ಅಂದಾಜಿನ ಯಾವುದೋ ಮೊತ್ತ ಇದ್ದರೆ ಅನುಮಾನಿಸಿ.
- ಚೀಟಿಯಲ್ಲಿರುವ ನಿವ್ವಳ ಸಂಬಳ ಮತ್ತು ಬ್ಯಾಂಕಿಗೆ ಬಂದ ಮೊತ್ತ ರೂಪಾಯಿ ರೂಪಾಯಿಗೆ ಹೊಂದಬೇಕು.

ಪಿಎಫ್ ಇರುವವರು ತಮ್ಮ ಫೋನಿನಲ್ಲೇ ಪಾಸ್‌ಬುಕ್ ತೆರೆದು ತೋರಿಸಬಹುದು. ಯಾವ ಕಂಪನಿ, ಯಾವ ತಿಂಗಳಿಂದ, ಎಲ್ಲ ಅದರಲ್ಲಿರುತ್ತದೆ. ನನಗೆ ಇದೇ ಅತ್ಯಂತ ನಂಬಿಕೆಯ ದಾಖಲೆ.

ಆಫೀಸಿಗೆ ಫೋನ್ ಮಾಡುವುದಾದರೆ ಅವರು ಕೊಟ್ಟ ನಂಬರಿಗೆ ಮಾಡಬೇಡಿ. ಕಂಪನಿಯ ಸ್ವಂತ ವೆಬ್‌ಸೈಟ್‌ನಲ್ಲಿರುವ ನಂಬರ್ ಹುಡುಕಿ, ಎಚ್‌ಆರ್‌ಗೆ ಕೊಡಿ ಅನ್ನಿ. “ಇವರು ನಿಮ್ಮಲ್ಲಿ ಕೆಲಸ ಮಾಡುತ್ತಾರಾ?” ಅಂತ ಕೇಳಿದರೆ ಸಾಕು. ಸಂಬಳ ಎಷ್ಟು ಅಂತ ಕೇಳಿದರೆ ಹೇಳಲ್ಲ, ಹೇಳಬೇಕಾಗಿಯೂ ಇಲ್ಲ.

ಸ್ವಂತ ವ್ಯಾಪಾರದವರು: ಎರಡು ವರ್ಷದ ಆದಾಯ ತೆರಿಗೆ ರಿಟರ್ನ್ ಮತ್ತು ಜಿಎಸ್‌ಟಿ ನಂಬರ್ ಇದ್ದರೆ ಅದು. ಆ ನಂಬರನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಹುಡುಕಬಹುದು. 15 ಅಕ್ಷರಗಳಲ್ಲಿ ಮೊದಲೆರಡು ರಾಜ್ಯದ್ದು, ಕರ್ನಾಟಕಕ್ಕೆ 29. ನಂತರದ ಹತ್ತು ಅವರ ಪ್ಯಾನ್. ಹಂತ 4ರಲ್ಲಿ ನೋಡಿದ ಪ್ಯಾನ್ ಜೊತೆ ಹೊಂದಿಸಿ. ಜಿಎಸ್‌ಟಿ ಇಲ್ಲದ ಸಣ್ಣ ಅಂಗಡಿಯವರಾದರೆ ಒಂದು ಸಂಜೆ ಅಂಗಡಿಗೇ ಹೋಗಿ ಬನ್ನಿ. ಅಕ್ಕಪಕ್ಕದವರು ನಿಮಗೆ ಬೇಕಾದ್ದನ್ನು ಹೇಳುತ್ತಾರೆ.

ವಿದ್ಯಾರ್ಥಿಗಳು, ಆಗಷ್ಟೇ ಕೆಲಸಕ್ಕೆ ಸೇರಿದವರು: ಇವರಿಗೆ ಹಿಂದಿನ ಬಾಡಿಗೆಯ ಇತಿಹಾಸವೇ ಇರಲ್ಲ. ಅದು ಅವರ ತಪ್ಪಲ್ಲ. ಕಾಲೇಜಿನ ಗುರುತಿನ ಚೀಟಿ ಅಥವಾ ಆಫರ್ ಲೆಟರ್ ನೋಡಿ, ತಂದೆ ತಾಯಿ ಹತ್ತಿರ ವಿಡಿಯೋ ಕರೆಯಲ್ಲಿ ಮಾತಾಡಿ, ಬೇಕಾದರೆ ಅವರನ್ನೇ ಜಾಮೀನುದಾರರಾಗಿ ಸಹಿ ಹಾಕಿಸಿ.

ಅನುಮಾನ ಉಳಿದರೆ ಕ್ರೆಡಿಟ್ ರಿಪೋರ್ಟ್ ಕೇಳಬಹುದು. ನೀವು ತೆಗೆಸಲು ಆಗಲ್ಲ, ಅವರೇ ತೆಗೆದು ಕೊಡಬೇಕು. ಕ್ರೆಡಿಟ್ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು ಅನ್ನುವ ನಿಯಮ ಇದೆ. ಎಲ್ಲರಿಂದಲೂ ಇದನ್ನು ಕೇಳುವುದು ಅತಿಯಾಯಿತು ಅಂತ ನನ್ನ ಅಭಿಪ್ರಾಯ.

## ಹಂತ 6: ಹಿಂದಿನ ಓನರ್‌ಗಳ ಹತ್ತಿರ ಮಾತಾಡಿ

ಸಮಯವೇ ಇಲ್ಲ, ಒಂದೇ ಹಂತ ಮಾಡಬಲ್ಲೆ ಅನ್ನುವವರು ಇದನ್ನೇ ಮಾಡಿ.

ಈಗಿನ ಓನರ್‌ಗೂ ಫೋನ್ ಮಾಡಿ, ಅದಕ್ಕಿಂತ ಹಿಂದಿನವರಿಗೂ ಮಾಡಿ. ಯಾಕೆ ಇಬ್ಬರು? ತೊಂದರೆ ಕೊಡುತ್ತಿರುವ ಬಾಡಿಗೆದಾರ ಹೊರಟರೆ ಸಾಕು ಅಂತ ಕಾಯುತ್ತಿರುವ ಓನರ್ ನಿಮ್ಮ ಹತ್ತಿರ ಹೊಗಳಿಯೇ ಹೊಗಳುತ್ತಾರೆ. ಅವರಿಗೆ ಮನೆ ಖಾಲಿಯಾಗಬೇಕು. ಹಿಂದಿನವರಿಗೆ ಅಂಥ ಯಾವ ಗರಜೂ ಇರಲ್ಲ. ನಿಜ ಬರುವುದು ಅಲ್ಲಿಂದ.

ಮೊದಲು, ಫೋನ್ ಎತ್ತಿದವರು ನಿಜವಾಗಿಯೂ ಓನರ್ ಹೌದಾ ಅಂತ ನೋಡಬೇಕು. ಸ್ನೇಹಿತರ ನಂಬರ್ ಕೊಟ್ಟು “ಓನರ್” ಅನ್ನುವುದು ಹಳೇ ತಂತ್ರ. ಹಾಗಾಗಿ ಬಾಡಿಗೆದಾರರ ಹೆಸರು ಹೇಳಿ ಶುರು ಮಾಡಬೇಡಿ. ಹೀಗೆ ಶುರು ಮಾಡಿ:

“ನಮಸ್ಕಾರ ಸರ್, ನಿಮ್ಮ ಮನೆ ಬಾಡಿಗೆಗಿದೆ ಅಂತ ಕೇಳ್ದೆ. ಖಾಲಿ ಆಗ್ತಿದ್ಯಾ?”

ನಿಜವಾದ ಓನರ್ ಆದರೆ ತಕ್ಷಣ ತಿಳಿಯುತ್ತದೆ. “ಹೌದು, ಫಸ್ಟ್ ಫ್ಲೋರು, ಮುಂದಿನ ತಿಂಗಳು ಖಾಲಿ ಆಗುತ್ತೆ. ಎಷ್ಟು ಜನ ನೀವು?” ಅನ್ನುತ್ತಾರೆ. ಸ್ನೇಹಿತ ಆದರೆ “ಯಾವ ಮನೆ?” ಅಂತ ತಡವರಿಸುತ್ತಾನೆ. ಓನರ್ ಅಂತ ಖಚಿತವಾದ ಕೂಡಲೇ ನೀವು ಯಾರು ಅಂತ ಪರಿಚಯ ಮಾಡಿಕೊಂಡು, ವಿಷಯ ಹೇಳಿ. ಇನ್ನೊಬ್ಬ ಓನರ್ ಅಂದರೆ ಸಾಮಾನ್ಯವಾಗಿ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಕೇಳಬೇಕಾದ್ದು ಇಷ್ಟು:

1. ಯಾವ ತಿಂಗಳಿಂದ ಯಾವ ತಿಂಗಳವರೆಗೆ ಇದ್ದರು? ಬಾಡಿಗೆ ಎಷ್ಟಿತ್ತು?
2. ತಿಂಗಳ ಎಷ್ಟನೇ ತಾರೀಖಿಗೆ ಬಾಡಿಗೆ ಹಾಕುತ್ತಿದ್ದರು? ಕೇಳಿಸಿಕೊಂಡು ಕೊಡುತ್ತಿದ್ದರಾ, ಕೇಳದೇ ಕೊಡುತ್ತಿದ್ದರಾ?
3. ಅಗ್ರಿಮೆಂಟಿನಲ್ಲಿ ಇದ್ದವರು ಬಿಟ್ಟು ಬೇರೆ ಯಾರಾದರೂ ಬಂದು ಉಳಿದಿದ್ದರಾ?
4. ಅಕ್ಕಪಕ್ಕದವರಿಂದ ದೂರು ಬಂದಿತ್ತಾ?
5. ಅಡ್ವಾನ್ಸಿನಲ್ಲಿ ಎಷ್ಟು ಹಿಡಿದಿರಿ, ಯಾತಕ್ಕೆ?
6. ಮತ್ತೆ ಬಂದರೆ ಅವರಿಗೇ ಮನೆ ಕೊಡುತ್ತೀರಾ?

ಆರನೇ ಪ್ರಶ್ನೆ ಕೇಳಿ ಸುಮ್ಮನಿರಿ. ನೀವು ಮಾತು ಸೇರಿಸಬೇಡಿ. “ಧಾರಾಳವಾಗಿ ಕೊಡ್ತೀನಿ” ಅನ್ನುವವರು ಥಟ್ಟನೆ ಅನ್ನುತ್ತಾರೆ. “ಜನ ಒಳ್ಳೆಯವರೇ... ಆದ್ರೆ ಈಗ ನಮಗೇ ಮನೆ ಬೇಕಾಗಿದೆ...” ಅಂತ ಎಳೆದರೆ ಉತ್ತರ ಸಿಕ್ಕಿತು.

ಒಂದೆರಡು ತಿಂಗಳು ಬಾಡಿಗೆ ತಡವಾಗಿದ್ದಕ್ಕೆ ಯಾರನ್ನೂ ತಳ್ಳಿಹಾಕಬೇಡಿ. ಕೆಲಸ ಹೋಗಿರಬಹುದು, ಆಸ್ಪತ್ರೆ ಖರ್ಚು ಬಂದಿರಬಹುದು. ಆಗ ಓನರ್‌ಗೆ ಮೊದಲೇ ಹೇಳಿ ಆಮೇಲೆ ತೀರಿಸಿದ್ದರೆ, ನನ್ನ ಪ್ರಕಾರ ಅವರು ಒಳ್ಳೆಯ ಬಾಡಿಗೆದಾರರು. ನನ್ನ ಮನೆಯಲ್ಲಿ ಈಗ ಇರುವವರೂ ಅಂಥವರೇ. ಹಿಂದಿನ ಓನರಮ್ಮ ಹೇಳಿದ್ದು, “ಮೂರು ತಿಂಗಳು ಕಷ್ಟ ಆಯ್ತು ಅವ್ರಿಗೆ. ಪ್ರತಿ ತಿಂಗಳು ಒಂದನೇ ತಾರೀಖು ಮೇಲೆ ಬಂದು ಹೇಳಿ ಹೋಗ್ತಿದ್ರು. ಆಮೇಲೆ ಪೈಸೆ ಬಿಡದೆ ಕೊಟ್ರು.” ಅದಕ್ಕಿಂತ ಒಳ್ಳೆಯ ಮಾತು ಬೇಕಿರಲಿಲ್ಲ.

ಈಗಿನ ಮನೆ ಹತ್ತಿರದಲ್ಲೇ ಇದ್ದರೆ ಒಮ್ಮೆ ಹೋಗಿ. ಹೇಳಿಯೇ ಹೋಗಿ, ಕದ್ದು ಬೇಡ.

## ಹಂತ 7: ಕೋರ್ಟ್ ದಾಖಲೆ ಒಮ್ಮೆ ನೋಡಿ

ಇ-ಕೋರ್ಟ್ಸ್ ವೆಬ್‌ಸೈಟ್‌ನಲ್ಲಿ ಜಿಲ್ಲೆ, ವರ್ಷ ಆರಿಸಿ ಕಕ್ಷಿದಾರರ ಹೆಸರಿನಿಂದ ಕೇಸ್ ಹುಡುಕಬಹುದು. ಅದಕ್ಕೆ ಖರ್ಚಿಲ್ಲ. ಹಿಂದಿನ ಓನರ್ ಹೂಡಿದ ದಾವೆ, ಚೆಕ್ ಬೌನ್ಸ್ ಕೇಸ್ ಇದ್ದರೆ ಕಾಣುತ್ತದೆ.

ಆದರೆ ಮಂಜುನಾಥ, ರಮೇಶ ಅನ್ನುವ ಹೆಸರಿನವರು ಸಾವಿರಾರು ಜನ. ತಂದೆಯ ಹೆಸರು, ವಿಳಾಸ ಹೊಂದದೆ ತೀರ್ಮಾನಕ್ಕೆ ಬರಬೇಡಿ. ಕೇಸ್ ಇದೆ ಅಂದಮಾತ್ರಕ್ಕೆ ತಪ್ಪಿತಸ್ಥರೂ ಅಲ್ಲ. ನೇರವಾಗಿ ಕೇಳಿ, ವಿವರಣೆ ಕೊಡಲು ಅವಕಾಶ ಕೊಡಿ.

## ಹಂತ 8: ಈಗ ದುಡ್ಡು, ಅಗ್ರಿಮೆಂಟ್

ಇಲ್ಲಿಯವರೆಗೆ ಎಲ್ಲ ಸರಿ ಬಂತಾ? ಈಗ ಹೌದು ಅನ್ನಿ. ಟೋಕನ್, ಅಡ್ವಾನ್ಸ್ ಎರಡೂ ಬ್ಯಾಂಕ್ ಮೂಲಕವೇ ಬರಲಿ, ಅದೂ ಬಾಡಿಗೆದಾರರ ಸ್ವಂತ ಖಾತೆಯಿಂದ. ಸಂಬಂಧವೇ ಇಲ್ಲದ ಮೂರನೆಯವರ ಖಾತೆಯಿಂದ ಬಂದರೆ ಅವರು ಯಾರು ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಯಾಕೆ ಅಂದರೆ, ಬೆಂಗಳೂರಿನಲ್ಲಿ ನಡೆಯುವ ಒಂದು ದೊಡ್ಡ ಮೋಸ ಹೀಗಿದೆ. ಒಬ್ಬರು ನಿಮ್ಮಿಂದ ಮನೆಯನ್ನು ತಿಂಗಳ ಬಾಡಿಗೆಗೆ ಪಡೆಯುತ್ತಾರೆ. ಕೇಳಿದ್ದಕ್ಕಿಂತ ಜಾಸ್ತಿ ಬಾಡಿಗೆ ಕೊಡುತ್ತೇವೆ ಅಂತಲೂ ಹೇಳಬಹುದು. ಆಮೇಲೆ ಅದೇ ಮನೆಯನ್ನು ಬೇರೆ ಕುಟುಂಬಕ್ಕೆ ಭೋಗ್ಯಕ್ಕೆ ಕೊಟ್ಟು ಹತ್ತು ಹದಿನೈದು ಲಕ್ಷ ಈಸಿಕೊಳ್ಳುತ್ತಾರೆ. ಕೆಲವು ತಿಂಗಳು ನಿಮಗೆ ಬಾಡಿಗೆ ಬರುತ್ತದೆ, ನಂತರ ನಿಲ್ಲುತ್ತದೆ, ಫೋನ್ ಸ್ವಿಚ್ ಆಫ್. ಒಳಗಿರುವ ಕುಟುಂಬ ಇದ್ದಬದ್ದ ದುಡ್ಡೆಲ್ಲ ಕೊಟ್ಟು ಕೂತಿದೆ, ಅವರು ಎಲ್ಲಿಗೆ ಹೋಗಬೇಕು? ಓನರ್ ಮತ್ತು ಆ ಕುಟುಂಬ ಇಬ್ಬರೂ ಅಳುತ್ತಾ ಠಾಣೆಯ ಬೆಂಚಿನ ಮೇಲೆ ಕೂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇದನ್ನು ತಡೆಯಲು ಒಂದೇ ದಾರಿ: ನೀವು ವಿಚಾರಿಸಿದ ಜನವೇ ಒಳಗೆ ವಾಸಿಸಬೇಕು. ಮಧ್ಯವರ್ತಿ ಸಂಸ್ಥೆಗೆ ಕೊಟ್ಟರೂ ಸರಿ, ವಾಸಕ್ಕೆ ಬರುವವರನ್ನು ನೀವೇ ಭೇಟಿಯಾಗಿ, ಅವರು ಯಾರಿಗೆ ಎಷ್ಟು ದುಡ್ಡು ಕೊಟ್ಟರು ಅಂತ ಕೇಳಿ.

ಅಗ್ರಿಮೆಂಟಿನಲ್ಲಿ ವಾಸ ಮಾಡುವ ಎಲ್ಲರ ಹೆಸರು, ಬಾಡಿಗೆ ಕೊಡುವ ತಾರೀಖು, ನೋಟಿಸ್ ಅವಧಿ, ಒಳಬಾಡಿಗೆ ಮತ್ತು ಭೋಗ್ಯಕ್ಕೆ ನಿಷೇಧ, ಬಣ್ಣಕ್ಕೆ ಎಷ್ಟು ಹಿಡಿಯುತ್ತೀರಿ, ಎಲ್ಲ ಇರಲಿ. 11 ತಿಂಗಳಿಗೆ ಬರೆಯುವುದು ರೂಢಿ, ಯಾಕೆಂದರೆ ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ. ಅವಧಿ ಮುಗಿದಾಗ ಮರೆಯದೆ ಹೊಸದು ಮಾಡಿಸಿ.

## ಹಂತ 9: ಪೊಲೀಸ್ ಠಾಣೆಗೆ ಮಾಹಿತಿ

ನಿಮ್ಮ ಏರಿಯಾದ ಠಾಣೆಯಲ್ಲಿ ಬಾಡಿಗೆದಾರರ ಮಾಹಿತಿಯ ನಮೂನೆ ಕೇಳಿ. ಫೋಟೋ, ಗುರುತಿನ ಪ್ರತಿ, ಅಗ್ರಿಮೆಂಟ್ ಪ್ರತಿ ಲಗತ್ತಿಸಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ಮಾಹಿತಿ ಕೊಡಲೇಬೇಕು ಅಂತ ಆದೇಶ ಜಾರಿಯಲ್ಲಿರುವ ಕಡೆ ಕೊಡದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 223ನೇ ಸೆಕ್ಷನ್ ಅಡಿ ಓನರ್ ಮೇಲೇ ಕೇಸ್ ಆಗಬಹುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. “ಠಾಣೆಗೆ ಕೊಟ್ಟಾಯ್ತು, ಇನ್ನು ನಿಶ್ಚಿಂತೆ” ಅನ್ನುತ್ತಾರೆ. ಪೊಲೀಸರು ನೋಡುವುದು ಅಪರಾಧದ ಹಿನ್ನೆಲೆ. ಬಾಡಿಗೆ ಕಟ್ಟುತ್ತಾರಾ ಅನ್ನುವುದು ಅವರ ಕೆಲಸ ಅಲ್ಲ. ಹಂತ 5, 6ಕ್ಕೆ ಇದು ಬದಲಿಯಾಗಲ್ಲ.

ಬಾಡಿಗೆದಾರರು ವಿದೇಶಿಯರಾದರೆ ಪಾಸ್‌ಪೋರ್ಟ್, ವೀಸಾ ನೋಡಿ, ಅವರು ಬಂದ 24 ಗಂಟೆಯೊಳಗೆ ಎಫ್‌ಆರ್‌ಆರ್‌ಒಗೆ (ವಿದೇಶಿಯರ ನೋಂದಣಿ ಕಚೇರಿ) ಆನ್‌ಲೈನ್‌ನಲ್ಲಿ ತಿಳಿಸಬೇಕು. ಸಿ ಫಾರ್ಮ್ ಅಂತಲೇ ಅದು ಎಲ್ಲರಿಗೂ ಪರಿಚಿತ. ಇದನ್ನು ಮಾಡಬೇಕಾದವರು ಓನರ್.

## ಓನರ್ ಊರಲ್ಲಿ ಇಲ್ಲದಿದ್ದರೆ

ಹೊರ ದೇಶದಲ್ಲಿರುವ ಎಷ್ಟೋ ಕನ್ನಡಿಗರು ಬೆಂಗಳೂರು, ಮೈಸೂರಿನ ಫ್ಲ್ಯಾಟ್ ಅನ್ನು ಬ್ರೋಕರ್ ಮೇಲೆ ಬಿಟ್ಟಿರುತ್ತಾರೆ. ಬ್ರೋಕರ್‌ಗೆ ಕಮಿಷನ್ ಬರುವುದು ಮನೆ ತುಂಬಿದಾಗ, ಬಾಡಿಗೆ ಬಂದಾಗ ಅಲ್ಲ. ಫೋನ್ ಕರೆಗಳನ್ನು ನೀವೇ ಮಾಡಿ, ಅದಕ್ಕೆ ಊರಲ್ಲಿರಬೇಕಾಗಿಲ್ಲ. ಕಾರ್ಡ್ ನೋಡಿ ಸ್ಕ್ಯಾನ್ ಮಾಡಲು ಮಾತ್ರ ನಂಬಿಕೆಯ ಸಂಬಂಧಿಕರೊಬ್ಬರು ಬೇಕು. ಇನ್ನೊಂದು: ಓನರ್ ಅನಿವಾಸಿ ಆಗಿದ್ದರೆ ಬಾಡಿಗೆ ಎಷ್ಟೇ ಇರಲಿ, ಬಾಡಿಗೆದಾರರು ಟಿಡಿಎಸ್ (ಬಾಡಿಗೆಯಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದು ಕಟ್ಟಬೇಕು. ಅದನ್ನು ಮೊದಲ ಮಾತುಕತೆಯಲ್ಲೇ ಹೇಳಿ.

## ಹಂತ 10: ಕೀ ಕೊಡುವ ದಿನ

ಪೂರ್ತಿ ಅಡ್ವಾನ್ಸ್ ಖಾತೆಗೆ ಬಂದಿರಬೇಕು, ಅಗ್ರಿಮೆಂಟಿಗೆ ಸಹಿ ಆಗಿರಬೇಕು. ಆಮೇಲೇ ಕೀ. ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಬ್ಯಾಂಕ್ ಆ್ಯಪ್‌ನಲ್ಲೇ ನೋಡಿ.

ಮುಹೂರ್ತ ಮೊದಲೇ ಬಂದುಬಿಟ್ಟರೆ? ಹಾಲು ಉಕ್ಕಿಸುವುದಕ್ಕೆ ಬೇಡ ಅನ್ನಬೇಡಿ, ಅದು ಅವರ ಮನಸ್ಸಿನ ಸಮಾಧಾನ. ನೀವೇ ಬಾಗಿಲು ತೆಗೆಯಿರಿ, ಅವರು ಪೂಜೆ ಮಾಡಿ ಹಾಲು ಉಕ್ಕಿಸಲಿ, ಪ್ರಸಾದ ತಗೊಳ್ಳಿ. ಮುಗಿದ ಮೇಲೆ ಬೀಗ ಹಾಕಿ ಕೀ ನಿಮ್ಮ ಜೇಬಿಗೆ. ಸಾಮಾನು ಒಂದೂ ಒಳಗೆ ಬರಬಾರದು, ಪಾತ್ರೆಯ ಮೂಟೆ ಕೂಡ. ನಾನು ಈಗ ಹೀಗೇ ಮಾಡುತ್ತೇನೆ, ಒಬ್ಬರೂ ಬೇಸರ ಮಾಡಿಕೊಂಡಿಲ್ಲ.

ಕೀ ಕೊಡುವ ಮುಂಚೆ ಇಬ್ಬರೂ ಸೇರಿ ಒಂದು ಸುತ್ತು ಬನ್ನಿ. ಗೋಡೆ, ನಲ್ಲಿ, ಗೀಸರ್, ಕಿಟಕಿ ಗಾಜು, ಎಲ್ಲದರ ವಿಡಿಯೋ ಮಾಡಿ ಅವರಿಗೂ ಕಳಿಸಿ. ಕರೆಂಟ್ ಮೀಟರಿನ ರೀಡಿಂಗ್ ಫೋಟೋ ತೆಗೆಯಿರಿ, ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ಸಂಖ್ಯೆ) ಬರೆದು ಕೊಡಿ. ಹಳೇ ಬಾಡಿಗೆದಾರರು ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಗೆ ತಮ್ಮ ಆಧಾರ್ ಜೋಡಿಸಿದ್ದರೆ ಅದನ್ನು ಬಿಡಿಸಿರಬೇಕು. ಇಲ್ಲದಿದ್ದರೆ ಹೊಸಬರು ತಮ್ಮದನ್ನು ಜೋಡಿಸಲು ಆಗಲ್ಲ, ಮೊದಲ ಬಿಲ್ಲಿಗೇ ಜಗಳ.

ಕೊನೆಗೆ ಆ ನೋಟ್‌ಬುಕ್ ಮತ್ತು ಫೋನ್ ತೆಗೆಯಿರಿ. ಮನೆ ಸಿಗದೇ ಹೋದವರ ಆಧಾರ್, ಸಂಬಳದ ಚೀಟಿ, ಸ್ಟೇಟ್‌ಮೆಂಟ್ ನಿಮ್ಮ ವಾಟ್ಸ್ಆ್ಯಪ್‌ನಲ್ಲಿ, ಗ್ಯಾಲರಿಯಲ್ಲಿ ಇನ್ನೂ ಇರುತ್ತವೆ. ಎಲ್ಲ ಅಳಿಸಿ, ಜೆರಾಕ್ಸ್ ಹರಿದು ಹಾಕಿ. “ಬೇರೆಯವರಿಗೆ ಕೊಟ್ವಿ, ನಿಮ್ಮ ದಾಖಲೆ ತೆಗೆದುಹಾಕಿದ್ದೀವಿ” ಅಂತ ಅವರಿಗೊಂದು ಮೆಸೇಜ್ ಹಾಕಿ. ಅವರು ಇನ್ನೂ ಮನೆ ಹುಡುಕುತ್ತಾ ಬಿಸಿಲಲ್ಲಿ ಅಲೆಯುತ್ತಿರುತ್ತಾರೆ.